ನೆಲ ನೋಡುತ್ತಾ ಏಷ್ಯಾ ಸುತ್ತಿದವರ ಜತೆ

ಸ್ಕೇಟ್‌ಬೋರ್ಡ್ ವಿಡಿಯೊದಲ್ಲಿ ಒಂದು ಟ್ರಿಕ್ ಐದಾರು ಸೆಕೆಂಡ್ ಇರುತ್ತದೆ. ಹುಡುಗ ಬರುತ್ತಾನೆ, ಬೋರ್ಡ್ ಸಮೇತ ಹಾರುತ್ತಾನೆ, ಕಲ್ಲುಕಟ್ಟೆಯ ಅಂಚಿನ ಮೇಲೆ ಜಾರುತ್ತಾನೆ, ಇಳಿದು ಹೋಗುತ್ತಾನೆ. ಅಷ್ಟೇ. ಅದರ ಹಿಂದೆ ಗಂಟೆಗಟ್ಟಲೆ ಕಾಯುವುದಿರುತ್ತದೆ. ಎಷ್ಟೋ ಸಲ ಮಾರನೇ ದಿನ ಮತ್ತೆ ಅದೇ ಜಾಗಕ್ಕೆ ಬಂದು ಕಾಯುವುದೂ ಇರುತ್ತದೆ.

ಕೋವಿಡ್‌ಗೆ ಮುಂಚೆ ಇಂಥದೊಂದು ತಂಡದ ಜತೆ ಎರಡನೇ ಕ್ಯಾಮೆರಾ ಹಿಡಿದು ಮಂಗೋಲಿಯಾ, ಚೀನಾ ಸುತ್ತಿದೆ. ಕೊನೆಗೆ ತಂಡ ಬೆಂಗಳೂರಿಗೂ ಬಂತು. ಯುರೋಪಿನ ಕೆಲವು ಸ್ಕೇಟರ್‌ಗಳು, ಒಬ್ಬ ಮುಖ್ಯ ಕ್ಯಾಮೆರಾದವನು, ಒಬ್ಬ ಸ್ಟಿಲ್ ಫೋಟೊಗ್ರಾಫರ್, ನಾನು. ಊರೂರಲ್ಲಿ ಅಲ್ಲಿನ ಸ್ಕೇಟರ್‌ಗಳು ಸೇರಿಕೊಳ್ಳುತ್ತಿದ್ದರು. ಆ ಪ್ರಯಾಣದಲ್ಲಿ ನನಗೆ ದಕ್ಕಿದ್ದೆಲ್ಲ ಆ ಕಾಯುವ ಹೊತ್ತಿನಲ್ಲೇ ದಕ್ಕಿತು. ಸಿನಿಮಾಕ್ಕೆ ಹೋಗಿದ್ದು ಆ ಐದಾರು ಸೆಕೆಂಡ್ ಮಾತ್ರ. ಇದನ್ನು ಒಮ್ಮೆ ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಮೊದಲು ಈ ಹುಚ್ಚಿನ ಬಗ್ಗೆ ಒಂದೆರಡು ಮಾತು. ಸ್ಕೇಟ್‌ಬೋರ್ಡ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ವಿಡಿಯೊಗಳೂ ಬಹಳ ವರ್ಷ ಅಲ್ಲಿನವೇ. ಆಮೇಲೆ ಬಾರ್ಸಿಲೋನಾಗೆ ಎಲ್ಲರೂ ಹೋಗತೊಡಗಿದರು. 2000ದ ನಂತರ ಚೀನಾದಲ್ಲಿ ಊರಿಗೆ ಊರೇ ಹೊಸದಾಗಿ ಎದ್ದಾಗ ಕಂಪನಿಗಳು ತಮ್ಮ ಸ್ಕೇಟರ್‌ಗಳನ್ನು ಶೆನ್‌ಜೆನ್‌ಗೆ ಕಳಿಸಲು ಶುರು ಮಾಡಿದವು. ಜರ್ಮನಿಯ ಪ್ಯಾಟ್ರಿಕ್ ವಾಲ್ನರ್ ಅಂತ ಒಬ್ಬರು ಮಾಸ್ಕೋದಿಂದ ಹಾಂಗ್‌ಕಾಂಗ್‌ವರೆಗೆ ರೈಲಿನಲ್ಲೇ ಸ್ಕೇಟರ್‌ಗಳನ್ನು ಕರೆದುಕೊಂಡು ಹೋದರು. ಆಮೇಲೆ ಮಧ್ಯ ಏಷ್ಯಾ, ಭಾರತ ಅಂತ ಸುತ್ತುತ್ತಲೇ ಇದ್ದರು. ನನ್ನ ತಲೆಮಾರಿನ ಬೆಂಗಳೂರು ಹುಡುಗರಿಗೆ ಅವರ ವಿಡಿಯೊಗಳು ದೊಡ್ಡ ಕಿಟಕಿ ತೆರೆದವು. ಸ್ಕೇಟ್‌ಬೋರ್ಡ್ ನಮ್ಮ ಊರುಗಳಲ್ಲೂ ಓಡುತ್ತದೆ ಅಂತ ಕಣ್ಣಾರೆ ಕಂಡಿದ್ದು ಆಗಲೇ.

ಸ್ಕೇಟರ್‌ಗಳ ಜತೆ ಊರು ಸುತ್ತಿದರೆ ಕಣ್ಣು ಕೆಳಗೇ ಇರುತ್ತದೆ. ಬೋರ್ಡಿನ ಗಾಲಿ ಬರೀ 52, 53 ಮಿಲಿಮೀಟರ್. ಕಲ್ಲಿನಂಥ ಗಟ್ಟಿ. ಕಡಲೆಕಾಳಿನಷ್ಟು ಜಲ್ಲಿಕಲ್ಲು ಸಿಕ್ಕರೂ ಗಾಲಿ ಅಲ್ಲೇ ನಿಲ್ಲುತ್ತದೆ, ಮನುಷ್ಯ ಮುಂದೆ ಹೋಗಿ ಬೀಳುತ್ತಾನೆ. ಹಾಗಾಗಿ ಇವರು ಗೋಪುರ, ಅರಮನೆ ನೋಡುವ ಮೊದಲು ಅದರ ಮುಂದಿನ ಹಾಸುಗಲ್ಲು ನೋಡುತ್ತಾರೆ. ಎರಡು ಕಲ್ಲಿನ ನಡುವಿನ ಸಂದು ಎಷ್ಟಗಲ, ಮೆಟ್ಟಿಲ ಕೆಳಗೆ ಓಡಿ ಹೋಗಲು ಜಾಗ ಇದೆಯಾ, ಕಟ್ಟೆಯ ಅಂಚು ಮೊನಚಾಗಿದೆಯಾ, ಮೂಲೆ ಸವೆದಿದೆಯಾ. ಬ್ಯಾಗಿನಲ್ಲಿ ಮೇಣದ ಬತ್ತಿ ಇರುತ್ತದೆ, ಕಟ್ಟೆಯ ಅಂಚಿಗೆ ಉಜ್ಜಿ ಜಾರುವಂತೆ ಮಾಡಲು. ಪೊರಕೆ ಇರುತ್ತದೆ. ಸಂದು ಜಾಸ್ತಿ ಇದ್ದರೆ ಮುಚ್ಚಲು ತೆಳು ತಗಡೋ ಪ್ಲೈವುಡ್ಡೋ ಇರುತ್ತದೆ. ಊರಿನ ಬೇರೆ ಯಾವ ಪ್ರವಾಸಿಯೂ ಆ ಊರಿನ ನೆಲ ಗುಡಿಸುವುದಿಲ್ಲ. ಇವರು ಗುಡಿಸುತ್ತಾರೆ. ನನಗೆ ಅದು ಬಹಳ ಇಷ್ಟವಾಯಿತು.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಸುಖ್‌ಬಾತರ್ ಚೌಕ ಅಂತ ಇದೆ. ನಡುವೆ ಕುದುರೆ ಏರಿದ ಕ್ರಾಂತಿಯ ನಾಯಕ ಸುಖ್‌ಬಾತರ್‌ನ ಪ್ರತಿಮೆ, ಎದುರಿಗೆ ಸರ್ಕಾರದ ಅರಮನೆ, ಅದರ ಮುಂದೆ ದೊಡ್ಡದಾಗಿ ಕೂತ ಚೆಂಗೀಸ್ ಖಾನ್. 2013ರಲ್ಲಿ ಚೌಕದ ಹೆಸರನ್ನು ಚೆಂಗೀಸ್ ಅಂತ ಬದಲಾಯಿಸಿ, 2016ರಲ್ಲಿ ಮತ್ತೆ ಹಳೇ ಹೆಸರನ್ನೇ ಇಟ್ಟರು. ಬೇಸಿಗೆಯ ಸಂಜೆ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಅಪ್ಪ ಅಮ್ಮಂದಿರು ಮಕ್ಕಳಿಗೆ ಬಾಡಿಗೆ ಸೈಕಲ್ ಕೊಡಿಸಿ ಸುಮ್ನೆ ನಿಂತಿರುತ್ತಾರೆ. ಚಳಿಗಾಲದಲ್ಲಿ ಈ ಊರು ಮೈನಸ್ 30 ಡಿಗ್ರಿಗೆ ಇಳಿಯುತ್ತದೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಹಾಸುಗಲ್ಲನ್ನು ಮೇಲೆತ್ತುತ್ತದೆ. ಬೇಸಿಗೆಯಲ್ಲಿ ಕರಗಿದಾಗ ಕಲ್ಲು ಸರಿಯಾಗಿ ಕೂರುವುದಿಲ್ಲ. ದೂರಕ್ಕೆ ನುಣ್ಣಗೆ ಕಾಣುವ ನೆಲ ಬೋರ್ಡ್ ಮೇಲೆ ನಿಂತರೆ ಕಟಕಟ ಅನ್ನುತ್ತದೆ.

ಅಲ್ಲಿ ಉದ್ದ ಅಂಗಿ ತೊಟ್ಟ ಅಜ್ಜ ಒಬ್ಬರು ಬಂದು ಕೈಚಾಚಿ ಬೋರ್ಡ್ ಕೇಳಿದರು. ತಿರುಗಿಸಿ ಕೆಳಗೆ ನೋಡಿದರು. ಗಾಲಿಯನ್ನು ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿದರು. ಬೇರಿಂಗ್ ಸದ್ದು ನಿಲ್ಲುವವರೆಗೂ ಕೇಳಿ, ತಲೆಯಾಡಿಸಿ ವಾಪಸ್ ಕೊಟ್ಟರು. ಅವರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ, ಜತೆಗಿದ್ದ ಅಲ್ಲಿನ ಹುಡುಗ ಹೇಳಿದ. ಬೇರಿಂಗ್ ಚೆನ್ನಾಗಿದೆ ಅಂದರಂತೆ. ನಮ್ಮ ಮುಖ್ಯ ಕ್ಯಾಮೆರಾ ಆಗ ಆಫ್ ಆಗಿತ್ತು. ಟ್ರಿಕ್ ಇಲ್ಲದಾಗ ಬ್ಯಾಟರಿ ಉಳಿಸುವುದು ರೂಢಿ. ನನ್ನ ಕ್ಯಾಮೆರಾ ಓಡುತ್ತಿತ್ತು.

ಅಲ್ಲಿಂದ ಬೀಜಿಂಗ್‌ಗೆ ರೈಲು. ಆಗ ಬೆಳಗ್ಗೆ ಹೊರಟರೆ ಗೋಬಿ ಮರುಭೂಮಿ ದಾಟಿ ಮಾರನೇ ದಿನ ಮಧ್ಯಾಹ್ನ ತಲುಪುತ್ತಿತ್ತು. ಪ್ರತಿ ಬೋಗಿಯ ತುದಿಯಲ್ಲಿ ಬಿಸಿನೀರಿನ ಹಂಡೆ ಇರುತ್ತದೆ. ಅದರ ಸುತ್ತ ಎಲ್ಲರ ಪರಿಚಯವೂ ಆಗುತ್ತದೆ. ಗಡಿಯ ಎರ್ಲಿಯನ್‌ನಲ್ಲಿ ರಾತ್ರಿ ಗಾಡಿ ಒಂದು ದೊಡ್ಡ ಶೆಡ್ಡಿನೊಳಗೆ ಹೋಯಿತು. ಮಂಗೋಲಿಯಾದ ಹಳಿ ರಷ್ಯಾದ ಅಳತೆಯದು, 1520 ಮಿಲಿಮೀಟರ್ ಅಗಲ. ಚೀನಾದ್ದು 1435. ಬರೀ 85 ಮಿಲಿಮೀಟರ್ ವ್ಯತ್ಯಾಸ. ಅದಕ್ಕಾಗಿ ಬೋಗಿಗಳನ್ನೆಲ್ಲ ಬಿಡಿಬಿಡಿ ಮಾಡಿ, ನಾವು ಒಳಗೆ ಕೂತಿದ್ದಂತೆಯೇ ಜಾಕಿ ಕೊಟ್ಟು ಎತ್ತಿದರು. ಕೆಳಗಿನ ಚಕ್ರಗಳ ಜೋಡಿ ಹೊರಗೆ ಉರುಳಿತು, ಬೇರೆ ಜೋಡಿ ಒಳಗೆ ಬಂತು. ಸ್ಕೇಟರ್‌ಗಳೆಲ್ಲ ಕಿಟಕಿಗೆ ಮುಖ ಒತ್ತಿಕೊಂಡು ನೋಡಿದರು. ದಿನಾ ಸ್ಪ್ಯಾನರ್ ಹಿಡಿದು ತಮ್ಮ ಬೋರ್ಡಿಗೆ ಅದನ್ನೇ ಮಾಡುವವರಿಗೆ ಅದು ಎಂಥ ಹಬ್ಬ! ಕೆಳಗೆ ಎಣ್ಣೆ ಮೆತ್ತಿದ ಕೈಗವಸಿನ ಹೆಂಗಸೊಬ್ಬರು ನಮ್ಮ ಬೋಗಿಯ ಕೆಳಗೆ ಟಾರ್ಚ್ ಬಿಟ್ಟು ಒಂದೊಂದೇ ಬೋಲ್ಟ್ ತಟ್ಟಿ ನೋಡುತ್ತಿದ್ದರು. ಆಚೆ ಈಚೆ ಇಬ್ಬರು ಪಾಸ್‌ಪೋರ್ಟ್ ಅಧಿಕಾರಿಗಳು. ಭಾರತದ ಪಾಸ್‌ಪೋರ್ಟ್ ಅಂದಮೇಲೆ ನನ್ನದನ್ನು ಉಳಿದವರದ್ದಕ್ಕಿಂತ ಹೆಚ್ಚು ಹೊತ್ತು ತಿರುವಿದರು. ಇಂಥ ಪ್ರಯಾಣದಲ್ಲಿ ಅದು ಗೊತ್ತಿರುವ ವಿಷಯ. ನಮ್ಮವರು ಹೊರಡುವುದಾದರೆ ವೀಸಾಗೆ ಎರಡು ತಿಂಗಳು ಮುಂಚೆಯೇ ಕೂರಬೇಕು.

ಶೆನ್‌ಜೆನ್ ಬಗ್ಗೆ ಎಷ್ಟು ಬರೆದರೂ ಕಡಿಮೆ.

1980ರಲ್ಲಿ ಚೀನಾ ಸರ್ಕಾರ ಅದನ್ನು ವಿಶೇಷ ಆರ್ಥಿಕ ವಲಯ ಮಾಡಿತು. ಆಮೇಲೆ ಎದ್ದ ಊರು ಅದು. ಅಲ್ಲಿರುವವರಲ್ಲಿ ಬಹುಪಾಲು ಜನ ಬೇರೆ ಪ್ರಾಂತ್ಯಗಳಿಂದ ದುಡಿಯಲು ಬಂದವರೇ. ಪ್ರತಿ ದೊಡ್ಡ ಕಟ್ಟಡದ ಮುಂದೆ ಬಯಲು, ಬಯಲಿನ ತುಂಬ ಗ್ರಾನೈಟು, ಕೂರಲು ಅಮೃತಶಿಲೆಯ ಕಟ್ಟೆಗಳು. ಗೇಟಿಲ್ಲ, ಕಾಂಪೌಂಡಿಲ್ಲ. ಸಂಜೆ ಅಲ್ಲಿ ಅಜ್ಜಿಯರು ಹಾಡು ಹಾಕಿಕೊಂಡು ಕುಣಿಯುತ್ತಾರೆ, ಮಕ್ಕಳು ರೋಲರ್ ಸ್ಕೇಟ್ ಕಲಿಯುತ್ತಾರೆ. ಅದರ ನಡುವೆ ನಮ್ಮವರೂ ಹೋಗಿ ಬೋರ್ಡ್ ಇಳಿಸಿದರು. ಯಾರೂ ತಿರುಗಿ ನೋಡಲಿಲ್ಲ.

ನೋಡಿದ್ದು ಸೆಕ್ಯುರಿಟಿಯವರು ಮಾತ್ರ.

ಸ್ಕೇಟ್ ವಿಡಿಯೊ ನೋಡುವವರಿಗೆ ಈ ದೃಶ್ಯ ಗೊತ್ತು. ಎಲ್ಲ ವಿಡಿಯೊದಲ್ಲೂ ಒಂದು ಕಡೆ ಸೆಕ್ಯುರಿಟಿಯವರ ಚೂರುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಬ್ಬ ಓಡಿ ಬರುತ್ತಾನೆ, ಒಬ್ಬ ಲೆನ್ಸಿಗೆ ಕೈ ಅಡ್ಡ ಇಡುತ್ತಾನೆ, ಒಬ್ಬ ಕೂಗುತ್ತಾನೆ. ಹಿಂದೆ ಜೋರು ಮ್ಯೂಸಿಕ್. ನೋಡುವವರು ನಗಬೇಕು. ನನಗೆ ಈ ಪದ್ಧತಿ ಮೊದಲಿಂದಲೂ ಸರಿ ಕಾಣುತ್ತಿರಲಿಲ್ಲ. ಶೆನ್‌ಜೆನ್ ನೋಡಿದ ಮೇಲೆ ಅದನ್ನು ಅನ್ಯಾಯ ಅಂತಲೇ ಹೇಳುತ್ತೇನೆ.

ಫೂಟಿಯನ್ ಕಡೆ ಒಂದು ಕಚೇರಿ ಕಟ್ಟಡ. ಮುಂದೆ ಮೊಣಕಾಲೆತ್ತರದ ಕಟ್ಟೆ, ಅದರ ತುದಿಗೆ ಮೂರು ಮೆಟ್ಟಿಲು. ನಮ್ಮ ಸ್ಕೇಟರ್ ಕಟ್ಟೆಯ ಉದ್ದಕ್ಕೂ ಬೋರ್ಡಿನ ಕೆಳಗೆ ಗಾಲಿ ಹಿಡಿದಿರುವ ಲೋಹದ ಭಾಗದ ಮೇಲೆ ಜಾರಿ, ಕೊನೆಯಲ್ಲಿ ಬೋರ್ಡನ್ನು ತಿರುಗಿಸಿ ಮೆಟ್ಟಿಲ ಕೆಳಗೆ ಇಳಿಯಬೇಕು. ಬತ್ತಿ ಉಜ್ಜಿದ್ದಾಯಿತು. ಗುಡಿಸಿದ್ದಾಯಿತು. ಎರಡು ಸಲ ಬಿದ್ದಿದ್ದೂ ಆಯಿತು. ಅಷ್ಟರಲ್ಲಿ ಐವತ್ತು ದಾಟಿದ ಒಬ್ಬ ಸೆಕ್ಯುರಿಟಿ ಒಳಗಿನಿಂದ ಬಂದರು. ಕೈಯಲ್ಲಿ ಗಾಜಿನ ಫ್ಲಾಸ್ಕು, ಒಳಗೆ ಚಹಾ ಎಲೆ ತೇಲುತ್ತಿತ್ತು. ಕೈ ಅಡ್ಡ ಆಡಿಸಿ ಬೇಡ ಅಂದರು.

ಜತೆಗಿದ್ದ ಶೆನ್‌ಜೆನ್ ಹುಡುಗ ಅವರನ್ನು ಚಿಕ್ಕಪ್ಪ ಅಂತ ಕರೆದು ಮಾತಾಡಿಸಿದ. ಅವರು ಮೇಲೆ ಕಂಬದ ಕ್ಯಾಮೆರಾ ತೋರಿಸಿದರು. ಒಳಗೆ ಕೂತ ಮೇಲಿನವನು ನೋಡುತ್ತಿರುತ್ತಾನೆ, ನಾನು ಹೊರಗೆ ಬಂದು ನಿಮ್ಮನ್ನು ಗದರಿಸದಿದ್ದರೆ ನನ್ನ ಸಂಬಳ ಹಿಡಿಯುತ್ತಾರೆ. ಅವನು ಊಟಕ್ಕೆ ಹೋದ ಮೇಲೆ ಬನ್ನಿ, ಅರ್ಧ ಗಂಟೆ ಸಿಗುತ್ತದೆ. ಈಗ ಹೋದ ಹಾಗೆ ಮಾಡಿ. ಇಷ್ಟು ಹೇಳಿದರಂತೆ.

ಹೋದ ಹಾಗೆ ಮಾಡಿ ಪಕ್ಕದ ರಸ್ತೆಯ ಅಂಗಡಿ ಮುಂದೆ ಕೂತೆವು. ಆಮೇಲೆ ಅವರೂ ಬಿಡುವಿಗೆ ಅಲ್ಲಿಗೇ ಬಂದರು. ಹುನಾನ್ ಪ್ರಾಂತ್ಯದವರು. ಮಗ ಊರಲ್ಲಿ ಅಜ್ಜ ಅಜ್ಜಿ ಜತೆ ಇದ್ದಾನೆ. ಚೀನಾದಲ್ಲಿ ಮನೆಯ ನೋಂದಣಿ ಎಲ್ಲಿದೆಯೋ ಅಲ್ಲಿಯೇ ಸರ್ಕಾರಿ ಶಾಲೆ ಸುಲಭ. ದುಡಿಯಲು ಬಂದ ಊರಲ್ಲಿ ಮಕ್ಕಳನ್ನು ಓದಿಸುವುದು ಕಷ್ಟ. ಹಾಗಾಗಿ ವರ್ಷಕ್ಕೊಮ್ಮೆ ಹೊಸ ವರ್ಷದ ಹಬ್ಬಕ್ಕೆ ಹೋಗಿ ಮಗನನ್ನು ನೋಡಿ ಬರುತ್ತಾರೆ. ನಮ್ಮ ಸ್ಕೇಟರ್‌ಗೆ ವಯಸ್ಸೆಷ್ಟು, ಅವನ ಅಪ್ಪ ಏನು ಮಾಡುತ್ತಾರೆ, ಈ ಕೆಲಸಕ್ಕೆ ಅವನಿಗೆ ಯಾರು ದುಡ್ಡು ಕೊಡುತ್ತಾರೆ ಅಂತೆಲ್ಲ ಕೇಳಿದರು. ನಮ್ಮೂರಲ್ಲಿ ಯಾವ ಹಿರಿಯರಾದರೂ ಕೇಳುವ ಪ್ರಶ್ನೆಗಳೇ.

ರಾತ್ರಿ ವಾಪಸ್ ಹೋದೆವು. ಇಂಥ ಚಿತ್ರೀಕರಣ ಹೇಗೆ ನಡೆಯುತ್ತದೆ ಅಂತ ನೋಡದವರಿಗೆ ಹೇಳಬೇಕು. ಕ್ಯಾಮೆರಾದವನೂ ಬೋರ್ಡ್ ಮೇಲೇ ಇರುತ್ತಾನೆ. ಅವನ ಗಾಲಿ ಮೆತ್ತಗಿನ ರಬ್ಬರಿನಂಥದ್ದು, ಸದ್ದು ಬರಬಾರದು, ಚಿತ್ರ ಅಲುಗಾಡಬಾರದು. ಕ್ಯಾಮೆರಾಗೆ ಮೇಲೆ ಹಿಡಿಕೆ, ಮುಂದೆ ಮೀನಿನ ಕಣ್ಣಿನ ಲೆನ್ಸ್. ಅದರಲ್ಲಿ ಹತ್ತಿರದ್ದು ದೊಡ್ಡದಾಗಿ, ಸುತ್ತಲಿನದ್ದು ಬಾಗಿ ಕಾಣುತ್ತದೆ. ನಮ್ಮವನ ಹತ್ತಿರ ಸೋನಿ ವಿಎಕ್ಸ್1000 ಇತ್ತು. 1995ರ ಕ್ಯಾಮೆರಾ, ಟೇಪಿನದ್ದು. ಎಷ್ಟು ಹೊಸ ಕ್ಯಾಮೆರಾ ಬಂದರೂ ಸ್ಕೇಟರ್‌ಗಳು ಇದನ್ನು ಬಿಟ್ಟುಕೊಡುವುದಿಲ್ಲ. ಕಲ್ಲಿನ ಮೇಲೆ ಗಾಲಿ ಹೊಡೆದ ಸದ್ದನ್ನು ಅದರ ಮೈಕ್ ಹಿಡಿಯುವ ರೀತಿಯೇ ಬೇರೆ. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು, ಸ್ಕೇಟರ್‌ನ ಕಾಲಿಂದ ಒಂದು ಗೇಣು ದೂರದಲ್ಲಿ ಅವನ ಪಕ್ಕದಲ್ಲೇ ಓಡಬೇಕು. ಬೋರ್ಡ್ ಹಾರಿ ಬಂದು ಲೆನ್ಸಿಗೆ ಹೊಡೆದರೆ ಮುಗಿಯಿತು. ಇಬ್ಬರ ನಡುವೆ ಎಷ್ಟು ನಂಬಿಕೆ ಬೇಕು ನೋಡಿ.

ಬಿದ್ದ, ಎದ್ದ, ಮತ್ತೆ ಬಿದ್ದ. ಮೊಣಕೈ ಸುಲಿಯಿತು. ಪ್ರತಿ ಸಲ ಬಿದ್ದಾಗಲೂ ನಮ್ಮ ಸೆಕ್ಯುರಿಟಿಯವರು ನಾಲಿಗೆ ಲೊಚಗುಟ್ಟುತ್ತಿದ್ದರು. ಒಮ್ಮೆ ಹೋಗಿ ಕಟ್ಟೆಯ ಕೊನೆಯ ಭಾಗವನ್ನು ಕೈಯಲ್ಲಿ ಸವರಿ, ಇಲ್ಲಿ ಸಣ್ಣ ಉಬ್ಬಿದೆ ಅಂತ ತೋರಿಸಿದರು. ನಿಜವಾಗಿಯೂ ಇತ್ತು. ದಿನಾ ಅಲ್ಲೇ ಕೂರುವವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಹುಡುಗ ಆ ಉಬ್ಬಿಗೆ ಒಂದು ಮೊಳ ಮುಂಚೆಯೇ ಬೋರ್ಡ್ ತಿರುಗಿಸಿದ. ಇಳಿದ. ಎಲ್ಲರೂ ಕೂಗಿದರು. ಅವರು ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು.

ಯುರೋಪಿನಲ್ಲಿ ಎಡಿಟ್ ಆಗಿ ಬಂದ ಸಿನಿಮಾದಲ್ಲಿ ಆ ಟ್ರಿಕ್ ಇದೆ. ಚೆನ್ನಾಗಿದೆ. ಅವರೂ ಇದ್ದಾರೆ. ಮೊದಲ ಸಲ ಬಂದು ಕೈ ಅಡ್ಡ ಆಡಿಸಿದರಲ್ಲ, ಆ ಚೂರು, ಸೆಕ್ಯುರಿಟಿಗಳ ಸಾಲಿನಲ್ಲಿ, ಜೋರು ಮ್ಯೂಸಿಕ್ಕಿನ ಜತೆ. ಉಬ್ಬು ತೋರಿಸಿದ್ದು ಇಲ್ಲ. ಚಪ್ಪಾಳೆ ಇಲ್ಲ. ಆ ಟ್ರಿಕ್ ಸಾಧ್ಯವಾಗಿದ್ದೇ ಅವರಿಂದ. ನೋಡಿದವರಿಗೆ ಮಾತ್ರ ಅವರು ಅಡ್ಡಿ ಮಾಡಿದವರು. ಇದಕ್ಕೆ ನಾನು ಒಪ್ಪುವುದಿಲ್ಲ. ಎಡಿಟ್ ಮಾಡಿದವರಿಗೂ ಬರೆದು ಹೇಳಿದೆ.

ಏಷ್ಯಾದ ಹುಡುಗರು ಹುಡುಗಿಯರು ಈಗ ಬೇರೆ ಎತ್ತರಕ್ಕೆ ಹೋಗಿದ್ದಾರೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸ್ಕೇಟ್‌ಬೋರ್ಡ್ ಬಂದಾಗ ಜಪಾನಿನ ಯುಟೊ ಹೊರಿಗೊಮೆ ಚಿನ್ನ ಗೆದ್ದ. ಹುಡುಗಿಯರ ಸ್ಪರ್ಧೆಯಲ್ಲಿ 13 ವರ್ಷದ ಮೊಮಿಜಿ ನಿಶಿಯಾ ಗೆದ್ದಳು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚೀನಾದ ತ್ಸುಯಿ ಚೆನ್‌ಶಿ ಚಿನ್ನ ಗೆದ್ದಾಗ ಅವಳಿಗೂ 13. ಹೊರಗಿನವರು ಬಂದು ಇಲ್ಲಿನ ಕಲ್ಲುಗಳ ಮೇಲೆ ಆಡಿ ಹೋಗುವ ಕಾಲ ಮುಗಿಯುತ್ತಾ ಬಂತು. ಹಾಗಾದರೆ ಸಿನಿಮಾ ಮಾಡುವ ರೀತಿಯೂ ಬದಲಾಗಬೇಕು, ಅಲ್ವಾ?

ಬೆಂಗಳೂರಿಗೆ ಬಂದಾಗ ತಂಡದವರು ಮೊದಲು ಕೇಳಿದ್ದು, ಇಲ್ಲಿ ಬಯಲು ಎಲ್ಲಿದೆ ಅಂತ. ನಮ್ಮ ಫುಟ್‌ಪಾತು ಚರಂಡಿಯ ಮೇಲೆ ಚಪ್ಪಡಿ ಮುಚ್ಚಿದ್ದು. ಒಂದು ಮೇಲೆ, ಒಂದು ಕೆಳಗೆ, ಒಂದು ಇಲ್ಲವೇ ಇಲ್ಲ. ಹಾಗಂತ ನಮ್ಮಲ್ಲಿ ಒಳ್ಳೇ ಕಲ್ಲಿಲ್ಲವಾ? ಇಳಕಲ್ಲಿನ ಕೆಂಪು ಗ್ರಾನೈಟು, ಚಾಮರಾಜನಗರದ ಕರಿಕಲ್ಲು ಜಗತ್ತಿಗೇ ಹೋಗುತ್ತವೆ. ಭಾರತದ ಗ್ರಾನೈಟ್ ದಿಮ್ಮಿಗಳನ್ನು ಅತಿ ಹೆಚ್ಚು ಕೊಳ್ಳುವ ದೇಶ ಚೀನಾನೇ. ನಮ್ಮೂರಲ್ಲಿ ಆ ಕಲ್ಲು ಐಟಿ ಕ್ಯಾಂಪಸ್ಸಿನ ಗೇಟಿನ ಒಳಗೆ, ಮಾಲ್‌ಗಳ ಒಳಗೆ, ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಇದೆ. ಗುರುತಿನ ಚೀಟಿ ಇದ್ದವರಿಗೆ ನುಣುಪು ನೆಲ, ಉಳಿದವರಿಗೆ ಚಪ್ಪಡಿ. ಅದೇ ಊರಲ್ಲಿ ಹುಟ್ಟಿ ಬೆಳೆದು, ಬೋರ್ಡ್ ಹಿಡಿದು ನಿಂತಾಗಲೇ ಇದು ನನ್ನ ಕಣ್ಣಿಗೆ ಬಿತ್ತು.

ನಮ್ಮವರು ಸುಮ್ಮನೆ ಕೂರಲಿಲ್ಲ. 2013ರಲ್ಲಿ ಹೋಲಿಸ್ಟೋಕ್ಡ್ ಅನ್ನುವ ಬೆಂಗಳೂರಿನ ಗೆಳೆಯರ ಗುಂಪು ಹೊರದೇಶದ ಸ್ಕೇಟರ್‌ಗಳನ್ನೂ ಸೇರಿಸಿಕೊಂಡು, ತಾವೇ ಕಾಂಕ್ರೀಟ್ ಕಲಸಿ ಒಂದು ಸ್ಕೇಟ್‌ಪಾರ್ಕ್ ಕಟ್ಟಿತು. ಆಮೇಲೆ ದೇಶದ ಬೇರೆ ಕಡೆಯೂ ಕಟ್ಟಿದರು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಪಾರ್ಕ್ ಮಾಡಿಸಿದರು. ಅಲ್ಲಿ ಎರಡು ನಿಯಮ: ಶಾಲೆಗೆ ಹೋಗದಿದ್ದರೆ ಬೋರ್ಡ್ ಇಲ್ಲ, ಬೋರ್ಡ್ ಮೊದಲು ಹುಡುಗಿಯರಿಗೆ. ಕಾಬೂಲ್‌ನಲ್ಲಿ 2007ರಲ್ಲಿ ಆಲಿವರ್ ಪರ್ಕೊವಿಚ್ ಶುರು ಮಾಡಿದ ಸ್ಕೇಟಿಸ್ತಾನ್ ಅನ್ನುವ ಸಂಸ್ಥೆ ಆಮೇಲೆ ಕಾಂಬೋಡಿಯಾದಲ್ಲೂ ಸ್ಕೇಟ್‌ಬೋರ್ಡ್ ಶಾಲೆ ತೆರೆಯಿತು. ಇವರೆಲ್ಲ ಒಂದು ಜಾಗದಲ್ಲಿ ನಿಂತು ಕೆಲಸ ಮಾಡಿದವರು. ಸಿನಿಮಾ ತಂಡ ಹಾಗೆ ನಿಲ್ಲಲಾರದು, ಅದರ ಕೆಲಸವೇ ಮುಂದಿನ ಊರಿಗೆ ಹೊರಡುವುದು. ಆದರೆ ನಿಂತಷ್ಟು ಹೊತ್ತು ಯಾರು ನೆರವಾದರು ಅಂತ ತೋರಿಸುವುದು ಅದರ ಕೈಯಲ್ಲೇ ಇದೆ.

ಬೆಂಗಳೂರಲ್ಲಿ ಕೊನೆಗೆ ಚಿತ್ರೀಕರಣ ಮಾಡಿದ್ದು ರಿಂಗ್ ರೋಡಿನ ಒಂದು ಕಚೇರಿ ಕಟ್ಟಡದ ಮುಂದೆ. ಬೆಳಗಿನ ಜಾವ, ಟ್ರಾಫಿಕ್ ಶುರುವಾಗುವ ಮೊದಲು. ವಾಚ್‌ಮನ್ ಎದ್ದು ಬಂದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಅವರ ಮುಖ ಅರಳಿತು.

“ಏನ್ರೀ ಇದು, ಇಷ್ಟ ಮುಂಜೇಲೆ ಬಂದು ಕಾಲ್ ಮುರ್ಕೊಳ್ಳಾಕ ಹತ್ತೀರಲ್ಲ.”

ರಾಯಚೂರು ಜಿಲ್ಲೆಯ ಲಿಂಗಸೂಗೂರು ಕಡೆಯವರು. ಸ್ಕೇಟರ್ ಮೆಟ್ಟಿಲ ಪಕ್ಕದ ಕಟ್ಟೆಗೆ ಬತ್ತಿ ಉಜ್ಜುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಟ್ಟೆಯನ್ನು ಅಂಗೈಯಲ್ಲಿ ತಟ್ಟಿ ಹೇಳಿದರು.

“ಇದು ನಮ್ಮ ಕಡೆ ಕಲ್ಲ ರೀ. ಇಳಕಲ್ಲಂದು. ನಾನೂ ಮೊದಲ ಕ್ವಾರಿಯಾಗ ಕೆಲಸ ಮಾಡೀನಿ. ಈ ಮೆಟ್ಟಿಲದ್ದು ಬೆಂಕಿ ಹಾಯಿಸಿದ ಕಲ್ಲು, ಒರಟ ಇರತೈತಿ. ಈ ಕಟ್ಟೀದು ಪಾಲಿಶ್. ಇಲ್ಲಿ ಉಜ್ಜೂದು ಬ್ಯಾಡ, ತಮ್ಮಾ, ಹಂಗ ಜಾರತೈತಿ. ಇಬ್ಬನಿ ಒರಸ್ರಿ ಮೊದಲ.”

ಗ್ರಾನೈಟನ್ನು ಹೊರಗಡೆ ಹಾಸುವಾಗ ಜನ ಜಾರಬಾರದು ಅಂತ ಅದರ ಮೇಲೆ ಬೆಂಕಿಯ ಜ್ವಾಲೆ ಹಾಯಿಸುತ್ತಾರೆ. ಮೇಲ್ಪದರದ ಹರಳುಗಳು ಸಿಡಿದು ಒರಟಾಗುತ್ತದೆ. ಇದನ್ನು ನಾನು ಸ್ಕೇಟರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬತ್ತಿ ಜೇಬಿಗೆ ಹಾಕಿ, ಟೀ ಶರ್ಟ್ ತೆಗೆದು ಕಟ್ಟೆಯ ಇಬ್ಬನಿ ಒರೆಸಿದ. ಮೆಟ್ಟಿಲಿನ ಒರಟು ಕಲ್ಲು ತಪ್ಪಿಸಿ ಓಡಿ ಬರುವ ದಾರಿಯನ್ನೇ ಬದಲಾಯಿಸಿದ. ವಾಚ್‌ಮನ್ ಗೇಟಿನ ಹತ್ತಿರ ನಿಂತು, ರಸ್ತೆ ಕಡೆಯಿಂದ ಗಾಡಿ ಬಂದರೆ ಸೀಟಿ ಊದುತ್ತೇನೆ ಅಂದರು. ಊದಿದರು ಕೂಡ. ಸೂಪರ್‌ವೈಸರ್ ಬರುವ ಹೊತ್ತಿಗೆ ನಾವು ಎದುರಿಗೆ ಕೈಗಾಡಿಯ ಹತ್ತಿರ ಟೀ ಕುಡಿಯುತ್ತಿದ್ದೆವು.

ಯುರೋಪಿನ ಎಡಿಟ್‌ನಲ್ಲಿ ಇದೂ ಐದು ಸೆಕೆಂಡ್ ಆಯಿತು. ಆದರೆ ನಾನು ತೆಗೆದಿದ್ದರ ಹಕ್ಕು ನನ್ನದೇ ಇತ್ತು. ಇಲ್ಲಿನ ಗೆಳೆಯರ ಜತೆ ಕೂತು ಅದನ್ನು ನಮ್ಮ ರೀತಿಯಲ್ಲಿ ಜೋಡಿಸಿದ್ದೇವೆ. ಉಲಾನ್‌ಬಾತರ್ ಅಜ್ಜ ಬೇರಿಂಗ್ ಕೇಳುವುದು ಪೂರ್ತಿ ಇದೆ. ಎರ್ಲಿಯನ್ ಶೆಡ್ಡಿನಲ್ಲಿ ಟಾರ್ಚ್ ಹಿಡಿದ ಹೆಂಗಸು ಇದ್ದಾರೆ. ಹುನಾನ್‌ನವರ ಚಪ್ಪಾಳೆ ಇದೆ, ಆ ಶೆನ್‌ಜೆನ್ ಹುಡುಗ ಅವರನ್ನು ಹುಡುಕಿ ಹೋಗಿ ಕೇಳಿ ಒಪ್ಪಿಗೆ ತಂದುಕೊಟ್ಟ. ಮುಖ ಕಂಡರೆ ಕೆಲಸಕ್ಕೆ ತೊಂದರೆ ಆಗುತ್ತದಾ ಅಂತ ಪ್ರತಿಯೊಬ್ಬ ಸೆಕ್ಯುರಿಟಿಯವರನ್ನೂ ಕೇಳದೆ ಒಂದು ಫ್ರೇಮೂ ಹಾಕಿಲ್ಲ. ಟ್ರಿಕ್‌ಗಳೂ ಇವೆ. ಬಿದ್ದ ಸಲಗಳೂ ಇವೆ. ಉಬ್ಬು ತೋರಿಸಿದ ಮೇಲೆ ಇಳಿದ ಆ ಟ್ರಿಕ್ ನೋಡುವಾಗ ಮೈ ಜುಮ್ಮೆನ್ನುತ್ತದೆ. ಯಾಕೆ ಅಲ್ಲಿ ಬೋರ್ಡ್ ತಿರುಗಿಸಿದ ಅಂತ ಈಗ ನೋಡುವವರಿಗೆ ಗೊತ್ತಿರುತ್ತದೆ.

ಲಿಂಗಸೂಗೂರಿನವರು ಲಾಕ್‌ಡೌನ್‌ನಲ್ಲಿ ಊರಿಗೆ ಹೋದವರು ಅಲ್ಲೇ ಉಳಿದಿದ್ದಾರೆ. ಅವರಿಗೆ ಲಿಂಕ್ ಕಳಿಸಿದೆ. ರಾತ್ರಿ ಫೋನ್ ಮಾಡಿದರು. ಎಲ್ಲ ಬರೋಬರಿ ಐತ್ರಿ, ಆದರ ಕಲ್ಲು ಎಲ್ಲಿಂದ ಬಂತು ಅಂತ ತೋರಿಸೇ ಇಲ್ಲಲ್ಲ ನೀವು ಅಂದರು. ಸರಿಯಾದ ಮಾತು. ಮುಂದಿನ ತಿಂಗಳು ಇಳಕಲ್ಲಿಗೆ ಹೊರಟಿದ್ದೇವೆ. ಕ್ವಾರಿಯವರ ಹತ್ತಿರ ಅವರೇ ಮಾತಾಡಿ ಇಟ್ಟಿದ್ದಾರೆ. ಬೋರ್ಡನ್ನೂ ತಗೊಂಡು ಬರ್ರಿ ಅಂದಿದ್ದಾರೆ.